ಮೂರು ತಿಂಗಳು ಕಾಂಬೋ ಕಲಿತೆ, ಇನ್ನೂ ಪ್ಲಾಟಿನಂನಲ್ಲೇ ಇದ್ದೇನೆ: ಈ ಅಡ್ವಾನ್ಸ್ಡ್ ಟೆಕ್ನಿಕ್‌ಗಳಿಂದ ನಿಜಕ್ಕೂ ಏನಾದರೂ ಆಗುತ್ತದಾ?

#1 ರ್ಯೂ_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಸ್ಟ್ರೀಟ್ ಫೈಟರ್ 6 (ಇಬ್ಬರು ಎದುರುಬದುರು ಹೊಡೆದಾಡುವ ವಿಡಿಯೋ ಗೇಮು) ಹಿಡಿದು ಹೆಚ್ಚೂಕಡಿಮೆ ಒಂದು ವರ್ಷ ಆಯಿತು. ರ್ಯೂ ಬಿಟ್ಟು ಬೇರೆ ಯಾವ ಪಾತ್ರವನ್ನೂ ಮುಟ್ಟಿಲ್ಲ. ಕ್ಲಾಸಿಕ್ ಕಂಟ್ರೋಲ್, ಅಂದರೆ ವಿಶೇಷ ಹೊಡೆತಗಳಿಗೆ ಸ್ಟಿಕ್ ತಿರುಗಿಸಿ ಬಟನ್ ಒತ್ತುವ ಹಳೇ ಪದ್ಧತಿ. ರ್ಯಾಂಕಿನಲ್ಲಿ ಗೋಲ್ಡ್ ತನಕ ಆರಾಮಾಗಿ ಬಂದೆ. ಅದರ ಮೇಲಿನ ಪ್ಲಾಟಿನಂಗೆ ಬಂದ ಮೇಲೆ ಎತ್ತಿನ ಗಾಡಿ ಕೆಸರಲ್ಲಿ ಹೂತ ಹಾಗೆ ಆಗಿದೆ. ಎರಡು ಗೆಲ್ಲುತ್ತೇನೆ, ಮೂರು ಸೋಲುತ್ತೇನೆ.

ಕಾಂಬೋ (ಒಂದು ಏಟು ತಾಕಿದ ಮೇಲೆ ಎದುರಾಳಿ ತಡೆಯಲಾಗದಂತೆ ಸಾಲಾಗಿ ಹೊಡೆಯುವುದು) ಸಾಲದು ಅಂದುಕೊಂಡೆ. ಮೂರು ತಿಂಗಳಿನಿಂದ ಆಫೀಸು ಮುಗಿಸಿ ಬಂದು ದಿನಾ ಒಂದು ಗಂಟೆ ಟ್ರೈನಿಂಗ್ ಮೋಡ್. ಕ್ರೌಚ್ ಮೀಡಿಯಂ ಕಿಕ್ (ಕೂತು ಒದೆಯುವುದು), ಅಲ್ಲಿಂದ ಡ್ರೈವ್ ರಶ್ (ಗೇಜ್ ಖರ್ಚು ಮಾಡಿ ಮುಂದಕ್ಕೆ ನುಗ್ಗುವುದು), ಅಲ್ಲಿಂದ ಉದ್ದನೆಯ ಕಾಂಬೋ, ಕೊನೆಗೆ ಸೂಪರ್ (ಗೇಜ್ ತುಂಬಿದ ಮೇಲೆ ಬಿಡುವ ದೊಡ್ಡ ಹೊಡೆತ). ಮೂಲೆಗೆ ಬೇರೆ, ನಡು ಸ್ಟೇಜಿಗೆ ಬೇರೆ. ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ಕಲಿತೆ. ಪಿಜಿ ರೂಮ್‌ಮೇಟ್ "ಟೈಪಿಂಗ್ ಪರೀಕ್ಷೆ ಕಟ್ಟಿದ್ದೀಯಾ?" ಅಂತ ಕೇಳಿದ.

ನಿನ್ನೆ ರಾತ್ರಿ ಮರೀಸಾ ಅನ್ನುವ ಪಾತ್ರ ಆಡುವ ಒಬ್ಬ ಸಿಕ್ಕಿದ. ಮಾಡರ್ನ್ ಕಂಟ್ರೋಲ್, ಒಂದೇ ಬಟನ್‌ಗೆ ವಿಶೇಷ ಹೊಡೆತ ಬರುವ ಸುಲಭ ಪದ್ಧತಿ. ಅವನಿಗೆ ಗೊತ್ತಿದ್ದದ್ದು ಮೂರೇ ಕೆಲಸ. ಹಾರುವುದು, ದೊಡ್ಡ ಹೊಡೆತ ಬಿಡುವುದು, ನಾನು ಬ್ಲಾಕ್ ಮಾಡಿ ಕೂತರೆ ಹತ್ತಿರ ಬಂದು ಎತ್ತಿ ಒಗೆಯುವುದು. 2-0. ನನ್ನ ಮೂರು ತಿಂಗಳ ಕಾಂಬೋ ಆ ಎರಡು ಗೇಮ್‌ನಲ್ಲಿ ಒಂದೇ ಒಂದು ಸಲ ಬಂತು. ಅದೂ ನಡುವೆ ಬಿಟ್ಟುಹೋಯಿತು.

ಕೇಳುವುದು ಇಷ್ಟೇ. ಈ ಟೆಕ್ನಿಕ್‌ಗಳೆಲ್ಲ ಸುಮ್ನೆ ಯೂಟ್ಯೂಬ್ ವಿಡಿಯೋಗೆ ಚೆಂದವಾ? ಅಥವಾ ನಾನೇ ಏನೋ ತಪ್ಪು ಮಾಡುತ್ತಿದ್ದೇನಾ?

#2 ಬಟನ್_ಬಸಣ್ಣ

ತಮ್ಮಾ, ಉತ್ತರ ನಿನ್ನ ಪೋಸ್ಟಿನಲ್ಲೇ ಇದೆ. ಅವನು ಹಾರಿದ, ನೀನು ಹೊಡೆಯಲಿಲ್ಲ. ಅವನು ಎತ್ತಿ ಒಗೆದ, ನೀನು ಬಿಡಿಸಿಕೊಳ್ಳಲಿಲ್ಲ. ಇದಕ್ಕೆ ಕಾಂಬೋ ಕಲಿತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಾನು ಹುಬ್ಬಳ್ಳಿಯ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ಬೆಳೆದವನು. ಟೆಕೆನ್ 3 (ಇನ್ನೊಂದು ಹೊಡೆದಾಟದ ಗೇಮು) ಕಾಲ. ಗೆದ್ದವನು ಕೂರುತ್ತಾನೆ, ಸೋತವನು ಎದ್ದು ಮತ್ತೆ ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುತ್ತಾನೆ. ಹತ್ತರಲ್ಲಿ ಏಳು ಜನ ಎಡ್ಡಿ ಅನ್ನುವ ಪಾತ್ರ ತಗೊಂಡು ಎರಡು ಕಾಲು ಬಟನ್ ಕುಟ್ಟುತ್ತಿದ್ದರು. ನೋಡುವುದಕ್ಕೆ ಭಾರಿ ಚೆಂದ, ತಿರುಗಿ ತಿರುಗಿ ಒದೆಯುತ್ತಿದ್ದ. ನಮ್ಮಲ್ಲಿ ಒಬ್ಬ ಪಾನ್ ಅಂಗಡಿ ಹುಡುಗ ಇದ್ದ. ಅವನಿಗೆ ಹತ್ತು ಹೊಡೆತದ ಕಾಂಬೋ ಒಂದೂ ಬರುತ್ತಿರಲಿಲ್ಲ. ಪಾಲ್ ತಗೊಂಡು ಕೂತು, ಎಡ್ಡಿ ಕುಣಿದು ಮುಗಿಸುವ ತನಕ ಬ್ಲಾಕ್ ಮಾಡುತ್ತಿದ್ದ. ಮುಗಿದ ಕೂಡಲೇ ಒಂದೇ ಗುದ್ದು. ಮತ್ತೆ ಬ್ಲಾಕ್. ಒಂದೇ ಟೋಕನ್‌ನಲ್ಲಿ ಇಡೀ ಭಾನುವಾರ ಕೂರುತ್ತಿದ್ದ. ಪಾರ್ಲರ್ ಮಾಲೀಕನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಬೇಸಿಕ್ಸ್ ಗಟ್ಟಿ ಮಾಡು. ಉಳಿದದ್ದೆಲ್ಲ ಒಗ್ಗರಣೆ.

#3 ಎಲೆಕ್ಟ್ರಿಕ್_ಮಂಡ್ಯ

> ಉಳಿದದ್ದೆಲ್ಲ ಒಗ್ಗರಣೆ

ಬಸಣ್ಣ, ಗೌರವ ಇದೆ, ಆದರೆ ಈ ಮಾತನ್ನು ಪ್ರತಿ ಥ್ರೆಡ್‌ನಲ್ಲೂ ಕೇಳಿ ಸಾಕಾಗಿದೆ. ಪಾರ್ಲರ್‌ನಲ್ಲಿ ಎದುರಿಗೆ ಇದ್ದವರು ಬಟನ್ ಕುಟ್ಟುವವರು. ಅವರ ಮುಂದೆ ಯಾರು ಸುಮ್ನೆ ಕೂತರೂ ಗೆಲ್ಲುತ್ತಾರೆ. ಬ್ಲಾಕ್ ಮಾಡಲು ಬರುವವನು ಎದುರಿಗೆ ಕೂತಾಗ ಏನು ಮಾಡುತ್ತೀರಿ?

ನಾನು ಟೆಕೆನ್ 8ರಲ್ಲಿ ಕಜುಯಾ ಅನ್ನುವ ಪಾತ್ರ ಆಡುತ್ತೇನೆ. ಕಜುಯಾ ಅಂದರೆ ಎಲೆಕ್ಟ್ರಿಕ್ ಅನ್ನುವ ಗುದ್ದು. ಗೊತ್ತಿಲ್ಲದವರಿಗೆ: ಮುಂದೆ, ಬಿಡು, ಕೆಳಗೆ, ಕೊನೆಗೆ ಕೆಳಮೂಲೆ ಮತ್ತು ಬಲಗೈ ಬಟನ್. ಆ ಕೊನೆಯ ಎರಡು ಒಂದೇ ಫ್ರೇಮ್‌ನಲ್ಲಿ ಬೀಳಬೇಕು. ಸೆಕೆಂಡಿನ ಅರವತ್ತನೇ ಒಂದು ಭಾಗ. ಒಂದು ಫ್ರೇಮ್ ತಡವಾದರೆ ಬರುವುದು ಸಾದಾ ವಿಂಡ್ ಗಾಡ್ ಫಿಸ್ಟ್. ಎಲೆಕ್ಟ್ರಿಕ್ ಬಂದರೆ ಎದುರಾಳಿ ಬ್ಲಾಕ್ ಮಾಡಿದರೂ ಸರದಿ ನನ್ನದೇ. ಸಾದಾದು ಬಂದರೆ ಆ ಲಾಭ ಇಲ್ಲ. ನೋಡುವುದಕ್ಕೆ ಎರಡೂ ಒಂದೇ ಗುದ್ದು, ಮಿಂಚೊಂದು ಜಾಸ್ತಿ.

ಮೊದಲ ತಿಂಗಳು ಎಡಗಡೆ ನಿಂತರೆ ಹತ್ತರಲ್ಲಿ ಆರು ಬರುತ್ತಿತ್ತು. ಬಲಗಡೆ ನಿಂತರೆ ಹತ್ತರಲ್ಲಿ ಎರಡು. ಹೆಬ್ಬೆರಳಿಗೆ ಬೊಬ್ಬೆ ಬಂತು. ಈಗ ಎರಡೂ ಕಡೆ ಬರುತ್ತದೆ. ಈಗ ನನ್ನೆದುರು ಜನ ಬಟನ್ ಒತ್ತಲು ಹೆದರುತ್ತಾರೆ. ಆ ಹೆದರಿಕೆಯಿಂದಲೇ ನಾನು ಗೆಲ್ಲುವುದು. ಟೆಕ್ನಿಕ್ ಇಲ್ಲದೆ ಅದು ಬರುವುದಿಲ್ಲ.

2004ರ ಈವೋದಲ್ಲಿ (ಅಮೆರಿಕದ ದೊಡ್ಡ ಫೈಟಿಂಗ್ ಗೇಮ್ ಟೂರ್ನಿ) ಜಪಾನಿನ ಡೈಗೋ ಉಮೆಹಾರಾ ಮಾಡಿದ್ದು ನೆನಪಿದೆಯಾ? ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್ ಗೇಮು, ಡೈಗೋನ ಪಾತ್ರ ಕೆನ್‌ಗೆ ಎಳ್ಳಷ್ಟು ಜೀವ ಉಳಿದಿದೆ. ಬ್ಲಾಕ್ ಮಾಡಿದರೂ ಸಾಯುತ್ತಾನೆ. ಜಸ್ಟಿನ್ ವಾಂಗ್‌ನ ಚುನ್-ಲೀ ಸೂಪರ್ ಬಿಡುತ್ತಾಳೆ. ಹದಿನೈದು ಒದೆತ. ಹದಿನೈದನ್ನೂ ಪ್ಯಾರಿ ಮಾಡಿ (ತಾಕುವ ಕ್ಷಣಕ್ಕೇ ತಟ್ಟಿ, ಜೀವ ಹೋಗದ ಹಾಗೆ ತಡೆದು), ತಿರುಗಿ ಹೊಡೆದು ಗೆದ್ದ. ಇದೂ ಒಗ್ಗರಣೆಯಾ?

#4 ಬಟನ್_ಬಸಣ್ಣ

ಅದೇ ಡೈಗೋ ಮುಂದಿನ ಪಂದ್ಯದಲ್ಲಿ, ಅಂದರೆ ಫೈನಲ್‌ನಲ್ಲಿ, ಸೋತ. ಅದನ್ನು ಯಾರೂ ಹೇಳುವುದಿಲ್ಲ ನೋಡು. ಕಪ್ ಗೆದ್ದವನು ಕೆಓ ಅನ್ನುವ ಇನ್ನೊಬ್ಬ ಜಪಾನಿ ಆಟಗಾರ, ಯುನ್ ತಗೊಂಡು. ಆ ಪಂದ್ಯದ ವಿಡಿಯೋ ಎಷ್ಟು ಜನ ನೋಡಿದ್ದೀರಿ?

#5 ಸುಮ್ನೆ_ನೋಡುವವ

ಪ್ಲಾಟಿನಂ ಮರೀಸಾಗೆ ಸೋತವನ ಪೋಸ್ಟು ಎರಡನೇ ಉತ್ತರಕ್ಕೇ 2004ಕ್ಕೆ ಹೋಯಿತು. ಕನ್ನಡ ಥ್ರೆಡ್ ಅಂದರೆ ಇದು.

#6 ಫ್ರೇಮ್_ಲೆಕ್ಕ

ಇಬ್ಬರೂ ಅರ್ಧರ್ಧ ಸರಿ. ಸ್ವಲ್ಪ ಲೆಕ್ಕ ಹಾಕೋಣ.

ಗೇಮು ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಸಾಮಾನ್ಯ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಅಂದರೆ 15 ಫ್ರೇಮ್. ಡ್ರೈವ್ ಇಂಪ್ಯಾಕ್ಟ್ (ಎದುರಿನ ಹೊಡೆತ ತಡೆದುಕೊಂಡೇ ಬರುವ ದೊಡ್ಡ ಏಟು) ಬಂದು ತಾಕಲು 26 ಫ್ರೇಮ್. ಒಂದು ಜಂಪ್ ಎದ್ದು ಇಳಿಯಲು ಸುಮಾರು 45 ಫ್ರೇಮ್, ಮುಕ್ಕಾಲು ಸೆಕೆಂಡ್. ಕಾಗದದ ಮೇಲೆ ನೋಡಿದರೆ ಪ್ರತಿ ಜಂಪನ್ನೂ ನಾವು ಹೊಡೆದು ಕೆಡವಬೇಕು. ಸಮಯ ಬೇಕಾದಷ್ಟಿದೆ. ಆದರೂ ಯಾಕೆ ಆಗುವುದಿಲ್ಲ?

ಕಾಲು ಸೆಕೆಂಡ್ ಅನ್ನುವುದು ಒಂದೇ ವಿಷಯಕ್ಕೆ ಕಾದು ಕೂತಾಗಿನ ಲೆಕ್ಕ. ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿ ಹಾರುತ್ತದೆ ಅಂತ ಗೊತ್ತಿದ್ದರೆ ಹತ್ತಕ್ಕೆ ಹತ್ತು ಹೊಡೆಯುತ್ತೀರಿ. ಪಂದ್ಯದಲ್ಲಿ ಅವನು ಹಾರಬಹುದು, ಓಡಿ ಬರಬಹುದು, ಇಂಪ್ಯಾಕ್ಟ್ ಬಿಡಬಹುದು, ಏನೂ ಮಾಡದೆ ನಡೆಯಬಹುದು. ನಾಲ್ಕಕ್ಕೂ ತಲೆಯಲ್ಲಿ ಜಾಗ ಬೇಕು. ಇದನ್ನೇ ಮೆಂಟಲ್ ಸ್ಟ್ಯಾಕ್ ಅನ್ನುವುದು. ನಮ್ಮ ರ್ಯೂ ಇದರ ಮೇಲೆ ಇನ್ನೊಂದು ಹೊರೆ ಹೊತ್ತಿದ್ದಾನೆ. "ಕಿಕ್ ತಾಕಿದರೆ ಆ ಕಾಂಬೋ ಮಾಡಬೇಕು, ಮೂಲೆಯಾದರೆ ಇನ್ನೊಂದು." ತಲೆ ತುಂಬಾ ನೋಟ್‌ಬುಕ್ ಇದ್ದರೆ ಜಂಪ್ ಹೇಗೆ ಕಾಣಬೇಕು?

ಅದಕ್ಕೇ ಟೆಕ್ನಿಕ್ ಬೇಡ ಅನ್ನುವುದೂ ತಪ್ಪು. ಕೈಗೆ ಕೂತ ಟೆಕ್ನಿಕ್ ತಲೆಯ ಜಾಗ ಖಾಲಿ ಮಾಡುತ್ತದೆ. ಕೈಗೆ ಕೂರದ್ದು ಇದ್ದ ಜಾಗವನ್ನೂ ತಿನ್ನುತ್ತದೆ. ಗೇರ್ ಹಾಕುವುದನ್ನು ಕಲಿಯುವಾಗ ರಸ್ತೆ ಕಾಣುವುದಿಲ್ಲ, ಅಲ್ವಾ? ಆರು ತಿಂಗಳಾದ ಮೇಲೆ ಗೇರ್ ಹಾಕಿದ್ದೇ ಗೊತ್ತಾಗುವುದಿಲ್ಲ.

ಡೈಗೋ ವಿಷಯಕ್ಕೂ ಒಂದು ಮಾತು. ಪ್ಯಾರಿ ಅಂದರೆ ಸ್ಟಿಕ್ಕನ್ನು ಮುಂದಕ್ಕೆ ಒಂದು ತಟ್ಟು, ಅಷ್ಟೇ. ಕಷ್ಟ ಇದ್ದದ್ದು ಬೇರೆ ಕಡೆ. ಸೂಪರ್‌ನ ಬೆಳಕು ಕಂಡ ಮೇಲೆ ಯೋಚನೆ ಮಾಡಿ ತಟ್ಟಿದರೆ ಮೊದಲ ಒದೆತಕ್ಕೆ ಹೊತ್ತು ಮೀರಿರುತ್ತದೆ. ಜಸ್ಟಿನ್ ಈಗಲೇ ಬಿಡುತ್ತಾನೆ ಅಂತ ಮೊದಲೇ ಊಹಿಸಿರಬೇಕು. ಎದುರಾಳಿಯನ್ನು ಓದಿದ್ದು ಬೇಸಿಕ್ಸ್. ಆಮೇಲೆ ಹದಿನೈದು ತಟ್ಟನ್ನು ತಾಳ ತಪ್ಪದೆ ಹಾಕಿದ್ದು ಟೆಕ್ನಿಕ್. ಯಾವುದು ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯಿರಿ ನೋಡೋಣ.

#7 ಮೆಲೀ_ಮಲ್ಲಿ

ಕೆನಡಾದಿಂದ ನಮಸ್ಕಾರ. ಇಲ್ಲಿ ನಾನು ಸ್ಮ್ಯಾಶ್ ಬ್ರದರ್ಸ್ ಮೆಲೀ ಆಡುತ್ತೇನೆ. 2001ರ ನಿಂಟೆಂಡೋ ಗೇಮ್‌ಕ್ಯೂಬ್ ಗೇಮು, ಈಗಲೂ ವಾರವಾರ ಜನ ಸೇರಿ ಹಳೇ ಡಬ್ಬಾ ಟಿವಿ ಹೊತ್ತು ತಂದು ಆಡುತ್ತಾರೆ. "ಅಡ್ವಾನ್ಸ್ಡ್ ಟೆಕ್ನಿಕ್ ಬೇಕಾ" ಅನ್ನುವ ಜಗಳ ನಮ್ಮಲ್ಲಿ ಇಪ್ಪತ್ತು ವರ್ಷದಿಂದ ನಡೆಯುತ್ತಿದೆ. ಹಾಗಾಗಿ ನನಗೂ ಮಾತಾಡುವ ಹಕ್ಕಿದೆ.

ನಮ್ಮಲ್ಲಿ ಎರಡು ತರದ ಟೆಕ್ನಿಕ್ ಇದೆ. ಒಂದು ಎಲ್-ಕ್ಯಾನ್ಸಲ್. ಗಾಳಿಯಲ್ಲಿ ಹೊಡೆದು ನೆಲಕ್ಕೆ ಇಳಿಯುವ ಮೊದಲಿನ 7 ಫ್ರೇಮ್ ಒಳಗೆ ಶೀಲ್ಡ್ ಬಟನ್ ಒತ್ತಿದರೆ ಇಳಿದ ಮೇಲೆ ತಡವರಿಸುವ ಹೊತ್ತು ಅರ್ಧ ಆಗುತ್ತದೆ. ಇದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ. ಯಾವಾಗಲೂ ಮಾಡಬೇಕು. ಮಾಡದಿದ್ದರೆ ನಷ್ಟ. ನಾನು ಇದನ್ನು ಟೋಲ್ ಗೇಟ್ ಅನ್ನುತ್ತೇನೆ. ದುಡ್ಡು ಕೊಡು, ಒಳಗೆ ಹೋಗು. ಕೊಟ್ಟೆ ಅಂತ ಯಾರೂ ಹಾರ ಹಾಕುವುದಿಲ್ಲ.

ಇನ್ನೊಂದು ವೇವ್‌ಡ್ಯಾಶ್. ಹಾರಿದ ಕೂಡಲೇ ಓರೆಯಾಗಿ ನೆಲಕ್ಕೆ ಏರ್ ಡಾಡ್ಜ್ (ಗಾಳಿಯಲ್ಲಿ ಏಟು ತಪ್ಪಿಸಿಕೊಳ್ಳುವ ಚಲನೆ) ಮಾಡಿದರೆ ಪಾತ್ರ ನೆಲದ ಮೇಲೆ ಜಾರುತ್ತದೆ. ಕಲಿಯಲು ಎರಡು ವಾರ ಸಾಕು. ಯಾವಾಗ ಜಾರಬೇಕು ಅಂತ ತಿಳಿಯಲು ವರ್ಷ ಬೇಕು. ಹೊಸಬರು ಬಂದವರು ಮೊದಲು ಇದನ್ನೇ ಕಲಿಯುತ್ತಾರೆ, ಆಮೇಲೆ ಇಡೀ ಸ್ಟೇಜಿನಲ್ಲಿ ಜಾರುಬಂಡೆ ಆಡುತ್ತಾರೆ. ನಾನೂ ಆಡಿದ್ದೇನೆ. ಎದುರಿಗಿದ್ದವರು ಸುಮ್ನೆ ನಿಂತು, ನಾನು ಜಾರಿ ಬಂದು ನಿಲ್ಲುವ ಜಾಗದಲ್ಲಿ ಒಂದು ಒದೆ ಇಟ್ಟರು. ಮೂರು ಸಲ. ಅದೇ ಜಾಗದಲ್ಲಿ. ಅವರಿಗೆ ಅರವತ್ತರ ಹತ್ತಿರ ವಯಸ್ಸು, ಮಗನನ್ನು ಬಿಡಲು ಬಂದವರು ಅಂದುಕೊಂಡಿದ್ದೆ.

ನಿಮಗೆ ದೊಡ್ಡವರ ಉದಾಹರಣೆ ಬೇಕಾದರೆ, 2016ರ ಈವೋ ಮೆಲೀ ಗೆದ್ದವನು ಹಂಗ್ರಿಬಾಕ್ಸ್, ಜಿಗ್ಲಿಪಫ್ ತಗೊಂಡು. ಗುಂಡಗಿನ ಗುಲಾಬಿ ಬಲೂನು. ಫಾಕ್ಸ್ ಅನ್ನುವ ಚುರುಕು ಪಾತ್ರ ಆಡುವವರ ಬೆರಳು ಮಾಡುವ ಕೆಲಸದ ಕಾಲು ಭಾಗವೂ ಅದಕ್ಕೆ ಬೇಡ. ತಾಳ್ಮೆ ಬೇಕು. ಇನ್ನೊಂದು ಕಡೆ ಜಪಾನಿನ ಅಮ್ಸಾ. ಯಾರೂ ಲೆಕ್ಕಕ್ಕೆ ಇಡದ ಯೋಶಿಯನ್ನು ಹಿಡಿದು, ಆ ಪಾತ್ರದ ಒಳಗಿನ ವಿಚಿತ್ರ ಟೆಕ್ನಿಕ್‌ಗಳನ್ನು ವರ್ಷಗಟ್ಟಲೆ ತಿಕ್ಕಿ ತಿಕ್ಕಿ, 2022ರಲ್ಲಿ ದಿ ಬಿಗ್ ಹೌಸ್ 10 ಟೂರ್ನಿ ಗೆದ್ದ. ಯೋಶಿಗೆ ಬೇಸಿಕ್ಸ್ ಮಾತ್ರ ಸಾಕಾಗಿದ್ದರೆ ಅಷ್ಟು ವರ್ಷ ಯಾಕೆ ಬೇಕಿತ್ತು?

ಅಂದ ಹಾಗೆ ನಿಂಟೆಂಡೋ ಮುಂದಿನ ಸ್ಮ್ಯಾಶ್ ಗೇಮು, 2008ರ ಬ್ರಾಲ್‌ನಲ್ಲಿ ಈ ಎರಡನ್ನೂ ತೆಗೆದುಹಾಕಿತು. ಮೇಲಿಂದ ಓಡುವಾಗ ಪಾತ್ರ ತನ್ನಷ್ಟಕ್ಕೆ ಎಡವಿ ಬೀಳುವುದನ್ನು ಸೇರಿಸಿತು! ಸ್ಪರ್ಧೆಗೆ ಆಡುವವರು ಎಷ್ಟೋ ಜನ ಮೆಲೀ ಬಿಟ್ಟು ಕದಲಲಿಲ್ಲ. ಟೆಕ್ನಿಕ್ ತೆಗೆದರೆ ಆಟ ಎಲ್ಲರಿಗೂ ಹತ್ತಿರ ಆಗುತ್ತದೆ ಅನ್ನುವುದು ನಿಜ ಇರಬಹುದು. ಆದರೆ ಕೆಲವರಿಗೆ ಆ ಬೆರಳಿನ ಕೆಲಸವೇ ಆಟದ ರುಚಿ. ನನಗೂ ಅಷ್ಟೇ. ಗೆಲ್ಲದಿದ್ದರೂ ಸರಿ, ಜಾರಬೇಕು.

#8 ಬಟನ್_ಬಸಣ್ಣ

ಸ್ಮ್ಯಾಶ್ ಫೈಟಿಂಗ್ ಗೇಮೇ ಅಲ್ಲ.

#9 ಮೆಲೀ_ಮಲ್ಲಿ

ಬಂದರಪ್ಪ. ಆ ಜಗಳಕ್ಕೆ ಬೇರೆ ಥ್ರೆಡ್ ಮಾಡಿ, ಬರುತ್ತೇನೆ.

#10 ನೆಟ್_ಡ್ರಾಪ್

ನಾನು ವಿಡಿಯೋ ಗೇಮ್ ಕಮ್ಮಿ, ಷಟಲ್ ಜಾಸ್ತಿ. ಮಕ್ಕಳಿಗೆ ಬ್ಯಾಡ್ಮಿಂಟನ್ ಹೇಳಿಕೊಡುತ್ತೇನೆ. ಮಗನ ಜೊತೆ ಸ್ಟ್ರೀಟ್ ಫೈಟರ್ ಆಡಿ ಸೋಲುವುದು ಹವ್ಯಾಸ.

ನನ್ನ ಹತ್ತಿರ ಬರುವ ಪ್ರತಿ ಹುಡುಗನಿಗೂ ಮೊದಲ ದಿನವೇ ಜಂಪ್ ಸ್ಮ್ಯಾಶ್ ಬೇಕು. ಕಾಲು ಸರಿಯಾದ ಜಾಗಕ್ಕೆ ಹೋಗುವುದಿಲ್ಲ, ಆದರೂ ಹಾರಬೇಕು. ಅವರಿಗೆ ನಾನು ಹೇಳುವ ಕಥೆ ಪ್ರಕಾಶ್ ಪಡುಕೋಣೆ ಅವರದು. 1980ರ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಜಂಪ್ ಸ್ಮ್ಯಾಶ್‌ಗೆ ಜಗತ್ತೇ ಹೆದರುತ್ತಿದ್ದ ಆಟಗಾರ. ಪ್ರಕಾಶ್ ಅವನಿಗೆ ಸ್ಮ್ಯಾಶ್ ಹೊಡೆಯುವಂಥ ಷಟಲ್ಲೇ ಕೊಡಲಿಲ್ಲ. ನೆಟ್ ಹತ್ತಿರ ಎಳೆದರು, ಹಿಂದಕ್ಕೆ ಅಟ್ಟಿದರು, ಮತ್ತೆ ಎಳೆದರು. 15-3, 15-10. ಆ ಮನುಷ್ಯ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಮದುವೆ ಇದ್ದ ದಿನ ಪ್ರಾಕ್ಟೀಸ್ ಇಲ್ಲ.

ಮರೀಸಾ ಹುಡುಗ ಹಾರಿದ ಅಂತ ಬೇಜಾರು ಮಾಡಿಕೊಳ್ಳುವ ಬದಲು, ಅವನು ಆರಾಮಾಗಿ ಹಾರುವ ದೂರದಲ್ಲಿ ನೀವು ಯಾಕೆ ನಿಂತಿದ್ದಿರಿ ಅಂತ ನೋಡಿಕೊಳ್ಳಿ.

#11 ಎಲೆಕ್ಟ್ರಿಕ್_ಮಂಡ್ಯ

ಸರ್, ಕಥೆ ತುಂಬಾ ಚೆನ್ನಾಗಿದೆ. ಆದರೆ ಅದು ನನ್ನ ಪಕ್ಷದ ಕಥೆ. ಸ್ಮ್ಯಾಶ್ ಹೊಡೆಯುವ ಹಾಗೆಯೇ ಕೈ ಎತ್ತಿ, ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಡ್ರಾಪ್ ಹಾಕುವುದು ಬೇಸಿಕ್ಸ್ ಅಂತ ಹೇಳಿದ್ದು ಯಾರು? ಅದಕ್ಕಿಂತ ಅಡ್ವಾನ್ಸ್ಡ್ ಟೆಕ್ನಿಕ್ ಯಾವುದಿದೆ? ಜೋರಾಗಿ ಸದ್ದು ಬಂದರೆ ಟೆಕ್ನಿಕ್, ಮೆತ್ತಗೆ ಬಿದ್ದರೆ ಬೇಸಿಕ್ಸ್ ಅಂತ ನಾವು ಅಂದುಕೊಂಡಿದ್ದೇವೆ ಅಷ್ಟೇ.

ಟೆಕೆನ್‌ನಲ್ಲೂ ಇದೇ ಕಥೆ. ಲಾಹೋರ್‌ನ ಅರ್ಸ್ಲಾನ್ ಆಶ್ 2019ರಲ್ಲಿ ಮೊದಲು ಈವೋ ಜಪಾನ್ ಗೆದ್ದ. ಅದೇ ವರ್ಷ ಲಾಸ್ ವೇಗಸ್‌ನ ಈವೋ ಕೂಡ ಗೆದ್ದ. ಅಲ್ಲಿ ಫೈನಲ್‌ನಲ್ಲಿ ಸೋತವನು ಕೊರಿಯಾದ ನೀ. (ನಮ್ಮ 'ನೀನು' ಅಲ್ಲ, ಮೊಣಕಾಲು.) ಪಾಕಿಸ್ತಾನದಲ್ಲಿ ನನಗಿಂತ ಚೆನ್ನಾಗಿ ಆಡುವವರು ಇನ್ನೂ ಇದ್ದಾರೆ ಅಂತ ಅರ್ಸ್ಲಾನ್ ಹೇಳಿದಾಗ ಜನ ನಂಬಲಿಲ್ಲ. ಕೊನೆಗೆ ನೀ ತಾನೇ ಅಲ್ಲಿಗೆ ಹೋಗಿ ಆಡಿ ಬಂದ.

ಅರ್ಸ್ಲಾನ್ ಆಟ ನೋಡಿದರೆ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಹಿಂದೆ ಹೋಗುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ, ಎದುರಾಳಿ ಗಾಳಿಗೆ ಹೊಡೆದಾಗ ಶಿಕ್ಷೆ ಕೊಡುತ್ತಾನೆ. ಬಸಣ್ಣನ ಪಾನ್ ಅಂಗಡಿ ಹುಡುಗನೇ, ಅಲ್ವಾ? ಆದರೆ ಆ "ಹಿಂದೆ ಹೋಗುವುದು" ಇದೆಯಲ್ಲ, ಅದು ಕೊರಿಯನ್ ಬ್ಯಾಕ್‌ಡ್ಯಾಶ್. ಹಿಂದಕ್ಕೆ ಎರಡು ತಟ್ಟು, ಹಿಂದಿನ ಕೆಳಮೂಲೆಗೆ ಇಳಿಸಿ ಅದನ್ನು ಕತ್ತರಿಸು, ಮತ್ತೆ ಹಿಂದಕ್ಕೆ, ಮತ್ತೆ ಕತ್ತರಿಸು. ಬಟ್ಟೆ ಹೊಲಿಯುವ ಮಷಿನ್ ತರ ಓಡಬೇಕು ಕೈ. ಸರಿಯಾಗಿ ಬಂದರೆ ಅದು ಟೆಕ್ನಿಕ್ ಅಂತಲೇ ಕಾಣುವುದಿಲ್ಲ. ದೂರ ನಿಂತಿದ್ದಾನೆ ಅಂತ ಮಾತ್ರ ಕಾಣುತ್ತದೆ.

#12 ಬಟನ್_ಬಸಣ್ಣ

ಈ ಮಾತು ಒಪ್ಪಿದೆ. ಪಾನ್ ಅಂಗಡಿ ಹುಡುಗನಿಗೆ ಎಡ್ಡಿಯ ಯಾವ ಒದೆ ಎಲ್ಲಿ ಮುಗಿಯುತ್ತದೆ ಅಂತ ಪೂರ್ತಿ ಬಾಯಿಪಾಠ ಇತ್ತು. ಫ್ರೇಮ್ ಅನ್ನುವ ಶಬ್ದ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಒಂದು ಮಾತು ಬಿಡುವುದಿಲ್ಲ. ವಯಸ್ಸಾದ ಮೇಲೆ ಬೆರಳು ನಿಧಾನ ಆಗುತ್ತದೆ, ಟೆಕ್ನಿಕ್ ಇಲ್ಲದಿದ್ದರೆ ಮುಗಿಯಿತು ಅಂತ ಹುಡುಗರು ನಮ್ಮನ್ನು ಆಡಿಕೊಳ್ಳುತ್ತಾರೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ನಡೆಯಿತು. ಸ್ಟ್ರೀಟ್ ಫೈಟರ್ 5ರಲ್ಲಿ ಚಿನ್ನ ಗೆದ್ದವನು ಕೊರಿಯಾದ ಕಿಮ್ ಗ್ವಾನ್-ವೂ, ವಯಸ್ಸು 44. ನಮ್ಮ ದೇಶದಿಂದ ಅಯಾನ್ ಬಿಸ್ವಾಸ್, ಮಯಾಂಕ್ ಪ್ರಜಾಪತಿ ಆಡಿದ್ದರು. ನನಗೆ ಈಗ 41. ಇನ್ನೂ ಮೂರು ವರ್ಷ ಇದೆ ಅಂತ ಮನೆಯಲ್ಲಿ ಹೇಳಿದ್ದೇನೆ.

#13 ಪ್ಯಾಡ್_ಪುಟ್ಟಿ

ನಾನು ಹೊಸಬಳು. ಸಿಲ್ವರ್‌ನಲ್ಲಿದ್ದೇನೆ. ಇಲ್ಲಿಯ ತನಕ ಓದಿ ಇನ್ನೂ ಗೊಂದಲ ಆಯಿತು. ಕಾಂಬೋ ಕಲಿಯಬೇಕಾ ಬೇಡ್ವಾ? ಮಾಡರ್ನ್ ಕಂಟ್ರೋಲ್‌ನಲ್ಲಿ ಆಡಿದರೆ ಮೋಸ ಅಂತ ಬೇರೆ ಕೆಲವರು ಹೇಳುತ್ತಾರೆ.

#14 ಫ್ರೇಮ್_ಲೆಕ್ಕ

ಮೋಸ ಅಲ್ಲ. ಮಾಡರ್ನ್‌ನಲ್ಲಿ ಒಂದೇ ಬಟನ್‌ಗೆ ಸ್ಪೆಷಲ್ ಬರುತ್ತದೆ, ಅದಕ್ಕೆ ಬದಲಾಗಿ ಆ ಹೊಡೆತದ ಏಟು ನೂರಕ್ಕೆ ಎಂಬತ್ತು ಮಾತ್ರ. ಕೆಲವು ಹೊಡೆತ ಕೈಗೇ ಸಿಗುವುದಿಲ್ಲ. ಲೆಕ್ಕ ಸರಿಹೋಯಿತು. ಇನ್ನೊಂದು ನೋಡಿ. ಗೇಮು ಮಾಡಿದವರೇ ಶೋರ್ಯುಕೆನ್ನನ್ನು (ಮೇಲಕ್ಕೆ ಹಾರಿ ಗುದ್ದುವ ವಿಶೇಷ ಹೊಡೆತ) ಒಂದು ಬಟನ್‌ಗೆ ಇಳಿಸಿದರು. ಆಮೇಲೂ ಸಿಲ್ವರ್ ಸಿಲ್ವರ್ ಆಗಿಯೇ ಇದೆ, ಮಾಸ್ಟರ್ ಮಾಸ್ಟರ್ ಆಗಿಯೇ ಇದೆ. ಬೆರಳೇ ಎಲ್ಲ ಆಗಿದ್ದರೆ ಆ ಮೆಟ್ಟಿಲುಗಳು ಕುಸಿಯಬೇಕಿತ್ತು.

ಕಾಂಬೋ ವಿಷಯ. ಒಂದು ಕಲಿಯಿರಿ. ಚಿಕ್ಕದು, ಯಾವ ಜಾಗದಲ್ಲೂ ಬರುವಂಥದ್ದು, ಫೋನಲ್ಲಿ ಮಾತಾಡುತ್ತಾ ಹೊಡೆಯುವಷ್ಟು ಸುಲಭದ್ದು. ಅದು ಕೂತ ಮೇಲೆ ಹಾರಿದವನನ್ನು ಕೆಡವುವುದು, ಥ್ರೋ ಬಿಡಿಸಿಕೊಳ್ಳುವುದು, ಇಂಪ್ಯಾಕ್ಟ್‌ಗೆ ಇಂಪ್ಯಾಕ್ಟ್. ಡಮ್ಮಿಗೆ ನಾಲ್ಕು ಸ್ಲಾಟ್ ರೆಕಾರ್ಡ್ ಮಾಡಿ: ಸುಮ್ನೆ ನಡೆಯುವುದು, ಹಾರುವುದು, ಇಂಪ್ಯಾಕ್ಟ್, ಓಡಿ ಬಂದು ಥ್ರೋ. ರ್ಯಾಂಡಮ್ ಆಗಿ ಪ್ಲೇ ಮಾಡಿ. ದಿನಕ್ಕೆ ಹತ್ತು ನಿಮಿಷ. ಮೊದಲ ದಿನ ನಿಮಗೇ ನಾಚಿಕೆ ಆಗುತ್ತದೆ. ನನಗೂ ಆಗಿತ್ತು.

ಹಳಬರಿಗೆ ಒಂದು ನೆನಪು. ಸ್ಟ್ರೀಟ್ ಫೈಟರ್ 4ರ ಕಾಲದಲ್ಲಿ ಒಂದು ಫ್ರೇಮ್ ಲಿಂಕ್ ಇತ್ತು, ಕಾಂಬೋದ ಮುಂದಿನ ಬಟನ್ ಒತ್ತಲು ಸಿಗುವುದು ಒಂದೇ ಫ್ರೇಮ್. ತಪ್ಪಬಾರದು ಅಂತ ಎರಡು ಬಟನ್‌ಗಳನ್ನು ಒಂದರ ಹಿಂದೆ ಒಂದು ಚಕ್ ಅಂತ ಒತ್ತುವ ಪ್ಲಿಂಕಿಂಗ್ ಅನ್ನುವ ವಿದ್ಯೆ ಬೇರೆ. ನಾನು ಅದಕ್ಕೆ ಕೊಟ್ಟ ರಾತ್ರಿಗಳು ಅಷ್ಟಿಷ್ಟಲ್ಲ. ಮುಂದಿನ ಗೇಮಿನಲ್ಲಿ ಬಫರ್ (ಬಟನ್ ಸ್ವಲ್ಪ ಮೊದಲೇ ಒತ್ತಿದರೂ ಒಪ್ಪಿಕೊಳ್ಳುವ ಹೊತ್ತು) ದೊಡ್ಡದು ಮಾಡಿದರು. ವಿದ್ಯೆ ಅಲ್ಲಿಗೇ ಮುಗಿಯಿತು. ಹಾರಿದವನನ್ನು ಕೆಡವುವ ಕಣ್ಣು ಮಾತ್ರ ಈಗಲೂ ಅನ್ನ ಹಾಕುತ್ತಿದೆ.

#15 ಎಲೆಕ್ಟ್ರಿಕ್_ಮಂಡ್ಯ

ರ್ಯೂ ತಮ್ಮ ಎಲ್ಲಿ? ಥ್ರೆಡ್ ಮಾಡಿ ಮಲಗಿಬಿಟ್ಟನಾ?

#16 ರ್ಯೂ_ತೀರ್ಥಹಳ್ಳಿ

ಇಲ್ಲೇ ಇದ್ದೇನೆ. ಎರಡು ದಿನದಿಂದ ರೀಪ್ಲೇ ನೋಡುತ್ತಿದ್ದೆ. ಸೋತ ಹತ್ತು ಪಂದ್ಯ ತೆಗೆದೆ. ಕೆಳಗಿನ ಫ್ರೇಮ್ ಮೀಟರ್ ಆನ್ ಮಾಡಿ, ನಾನು ಏಟು ತಿಂದ ಪ್ರತಿ ಜಾಗದಲ್ಲೂ ನಿಲ್ಲಿಸಿ ಅದೇ ನೋಟ್‌ಬುಕ್‌ನಲ್ಲಿ ಗೆರೆ ಹಾಕಿದೆ. ಇಷ್ಟು ಬೇಜಾರಿನ ಕೆಲಸ ಪಿಯುಸಿ ಲ್ಯಾಬ್ ರೆಕಾರ್ಡ್ ಬರೆದ ಮೇಲೆ ಮಾಡಿರಲಿಲ್ಲ.

ಹಾರಿ ಬಂದದ್ದಕ್ಕೆ ತಿಂದ ಏಟೇ ಎಲ್ಲಕ್ಕಿಂತ ಜಾಸ್ತಿ. ಬಸಣ್ಣ ಹೇಳಿದ್ದು ಸರಿ. ಎರಡನೆಯದು ಥ್ರೋ, ಅದೂ ಮೂಲೆಯಲ್ಲಿ. ಇಲ್ಲಿಯ ತನಕ ಅಂದುಕೊಂಡ ಹಾಗೇ ಬಂತು.

ಮೂರನೆಯದು ನೋಡಿ ನಾನೇ ದಂಗಾದೆ. ನಾನು ಹೆಮ್ಮೆಯಿಂದ ಕಲಿತ ಕ್ರೌಚ್ ಮೀಡಿಯಂ ಕಿಕ್, ಅಲ್ಲಿಂದ ಡ್ರೈವ್ ರಶ್. ಅದು ಕೈಗೆ ಎಷ್ಟು ಕೂತಿದೆ ಅಂದರೆ, ಕಿಕ್ ತಾಕಿದೆಯಾ ಇಲ್ಲವಾ ಅಂತ ನಾನು ನೋಡುವುದೇ ಇಲ್ಲ. ಎದುರಾಳಿ ಬ್ಲಾಕ್ ಮಾಡಿದ್ದರೂ ರಶ್ ಹೋಗುತ್ತದೆ. ಒಂದು ಸಲಕ್ಕೆ ಡ್ರೈವ್ ಗೇಜಿನ ಮೂರು ಕಂಬಿ ಖರ್ಚು. ಇರುವುದೇ ಆರು. ಎರಡು ಸಲ ಬ್ಲಾಕ್‌ಗೆ ಹೊಡೆದರೆ ಬರ್ನ್‌ಔಟ್. ಆಮೇಲೆ ಅವನ ಹೊಡೆತ ತಡೆದರೂ ನನಗೆ ನಾಲ್ಕು ಫ್ರೇಮ್ ಜಾಸ್ತಿ ತಡ, ಸ್ಪೆಷಲ್ ತಡೆದರೆ ಜೀವ ಸೋರುತ್ತದೆ, ಮೂಲೆಯಲ್ಲಿ ಇಂಪ್ಯಾಕ್ಟ್ ತಡೆದರೆ ತಲೆ ಗಿರ್ ಅಂತ ನಿಂತುಬಿಡುತ್ತೇನೆ. ಮರೀಸಾ ಹುಡುಗ ನನ್ನನ್ನು ಮೂಲೆಗೆ ತಳ್ಳಲೇ ಇಲ್ಲ. ನಾನೇ ದುಡ್ಡು ಕೊಟ್ಟು ಹೋಗಿ ನಿಂತಿದ್ದೇನೆ.

ಹತ್ತರಲ್ಲಿ ಆರು ಪಂದ್ಯದಲ್ಲಿ ಹೀಗೇ ಆಗಿದೆ. ಮೂರು ತಿಂಗಳ ಸಾಧನೆ.

ಒಂದು ಜಾಗ ಮಾತ್ರ ಖುಷಿ ಕೊಟ್ಟಿತು. ಒಬ್ಬ ಕೆನ್ ಶೋರ್ಯುಕೆನ್ ಹಾಕಿ ತಪ್ಪಿಸಿಕೊಂಡ. ಅವನು ಗಾಳಿಯಿಂದ ಇಳಿಯುವ ಹೊತ್ತಿಗೆ ನನಗೆ ಬೇಕಾದಷ್ಟು ಸಮಯ ಇತ್ತು. ಉದ್ದನೆಯ ಕಾಂಬೋ ಪೂರ್ತಿ ಬಂತು, ಅರ್ಧ ಜೀವ ಹೋಯಿತು. ಆ ರೌಂಡ್ ಗೆದ್ದಿದ್ದೆ. ಕಲಿಯದೆ ಇದ್ದಿದ್ದರೆ ಅಲ್ಲಿ ಎರಡು ಗುದ್ದು ಹಾಕಿ ಬಿಡುತ್ತಿದ್ದೆ.

#17 ಫ್ರೇಮ್_ಲೆಕ್ಕ

ನೋಟ್‌ಬುಕ್ ಕೆಲಸಕ್ಕೆ ಬಂತು ನೋಡು. ಒಂದು ಮದ್ದು ಹೇಳುತ್ತೇನೆ. ಡಮ್ಮಿಯನ್ನು ರ್ಯಾಂಡಮ್ ಬ್ಲಾಕ್‌ಗೆ ಇಡು. ಆ ಒಂದು ಕಿಕ್ ತಾಕಿತಾ ಅಂತ ನೋಡಿಕೊಂಡು ರಶ್ ಮಾಡುವುದು ದೊಡ್ಡವರಿಗೂ ಕಷ್ಟ, ಅದರ ಹಿಂದೆ ಬೀಳಬೇಡ. ಕಿಕ್ಕಿನ ಜೊತೆ ಸಾದಾ ಹಡೊಕೆನ್ (ಕೈಯಿಂದ ಎಸೆಯುವ ಶಕ್ತಿಯ ಉಂಡೆ) ಹಾಕಿ ಬಿಡು ಸದ್ಯಕ್ಕೆ. ಎದುರಾಳಿ ಗಾಳಿಗೆ ಹೊಡೆದದ್ದು ಕಣ್ಣಿಗೆ ಕಂಡಾಗ ಮಾತ್ರ ರಶ್.

#18 ಬಟನ್_ಬಸಣ್ಣ

ಮತ್ತೆ ಕ್ರೌಚ್ ಹೆವಿ ಪಂಚ್. ರ್ಯೂಗೆ ಅದೇ ದೇವರು. ಹಾರಿದವನಿಗೆಲ್ಲ ಅದೇ ಪ್ರಸಾದ.

#19 ಸುಮ್ನೆ_ನೋಡುವವ

ಇಷ್ಟೆಲ್ಲ ಓದಿ ನಾನೂ ನನ್ನ ರೀಪ್ಲೇ ನೋಡಿದೆ. ನನ್ನ ಸೋಲಿಗೆಲ್ಲ ಲ್ಯಾಗ್ ಕಾರಣ.

#20 ಮೆಲೀ_ಮಲ್ಲಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

#21 ಸುಮ್ನೆ_ನೋಡುವವ

ನಿಜವಾಗಲೂ ಲ್ಯಾಗ್ ಇದೆ ಮೇಡಂ. ವೈಫೈ ಡಬ್ಬ ಹಾಲ್‌ನಲ್ಲಿ, ನಾನು ಮೂರನೇ ರೂಮ್‌ನಲ್ಲಿ.

#22 ನೆಟ್_ಡ್ರಾಪ್

ಹತ್ತು ಮೀಟರ್ ಕೇಬಲ್ ತಗೊಳ್ಳಿ. ನನ್ನ ಮಗ ಬಾಗಿಲ ಚೌಕಟ್ಟಿನ ಗುಂಟ ಮೊಳೆ ಹೊಡೆದು ಎಳೆದಿದ್ದಾನೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ.

#23 ರ್ಯೂ_ತೀರ್ಥಹಳ್ಳಿ

ಇವತ್ತಿನ ವರದಿ. ಐದು ಪಂದ್ಯ ಆಡಿದೆ. ಒಂದೇ ನಿಯಮ ಇಟ್ಟುಕೊಂಡಿದ್ದೆ: ಹಾರಿದವನನ್ನು ಕೆಡವುವುದು, ಬೇರೆ ಏನು ಕೆಟ್ಟರೂ ಪರವಾಗಿಲ್ಲ. ಎರಡು ಗೆದ್ದೆ, ಮೂರು ಸೋತೆ. ಹಳೇ ಲೆಕ್ಕವೇ. ಆದರೆ ಕೊನೇ ಪಂದ್ಯದ ಕೊನೇ ರೌಂಡ್‌ನಲ್ಲಿ ಒಬ್ಬ ಬ್ಲಾಂಕಾ ನಾಲ್ಕು ಸಲ ಹಾರಿದ, ನಾಲ್ಕು ಸಲವೂ ಗದ್ದಕ್ಕೆ ಬಿತ್ತು. ಆಮೇಲೆ ಅವನು ಹಾರುವುದನ್ನೇ ಬಿಟ್ಟ. ನೆಲದ ಮೇಲೆ ನಿಂತು ಆ ಕಡೆ ಈ ಕಡೆ ನಡೆದ. ನಾನೂ ನಡೆದೆ. ಹತ್ತು ಸೆಕೆಂಡ್ ಇಬ್ಬರೂ ಏನೂ ಮಾಡಲಿಲ್ಲ.

ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಕಿಕ್ ಹೊಡೆದೆ, ಡ್ರೈವ್ ರಶ್ ಹೋಯಿತು. ಅವನು ಬ್ಲಾಕ್ ಮಾಡಿದ್ದ. ಸೋತೆ.

#24 ಬಟನ್_ಬಸಣ್ಣ

ಆ ಹತ್ತು ಸೆಕೆಂಡ್ ಇದೆಯಲ್ಲ, ಅದಕ್ಕೆ ಫುಟ್ಸೀಸ್ ಅನ್ನುತ್ತಾರೆ. ಬಾ, ಶನಿವಾರ ರಾತ್ರಿ ಹತ್ತಕ್ಕೆ ಲಾಬಿ (ಆನ್‌ಲೈನ್ ಆಟದ ಕೋಣೆ) ತೆರೆಯುತ್ತೇನೆ. ಪಾಸ್‌ವರ್ಡ್ ಇನ್‌ಬಾಕ್ಸ್‌ಗೆ ಕಳಿಸುತ್ತೇನೆ. ಡ್ರೈವ್ ರಶ್ ಹೊಡೆದವರು ಎದ್ದು ಸಾಲಿನ ಕೊನೆಗೆ ಹೋಗಬೇಕು.

#25 ಎಲೆಕ್ಟ್ರಿಕ್_ಮಂಡ್ಯ

ನಾನೂ ಬರುತ್ತೇನೆ. ಸ್ಟ್ರೀಟ್ ಫೈಟರ್ ಬರುವುದಿಲ್ಲ, ಮಾಡರ್ನ್‌ನಲ್ಲಿ ಆಡುತ್ತೇನೆ. ಯಾರೂ ನಗಬಾರದು.